ಪ್ರಾರ್ಥನೆ ಮುಗಿಯುವವರೆಗೆ ಯಾರೂ ಒಳಗೆ ಬರುವಂತಿಲ್ಲ

ಬ್ರಾಕ್‌ವೆಲ್ ಲಾಂಡ್ರಿಯವರು ಒಜೆಲ್ಲಾ ಮಿಂಟರ್‌ಗೆ ಮೂವತ್ತಮೂರು ಡಾಲರ್ ಕೊಡುವುದು ಇನ್ನೂ ಬಾಕಿ ಇದೆ. ಹನ್ನೊಂದು ದಿನದ ಕೂಲಿ, ದಿನಕ್ಕೆ ಮೂರರಂತೆ, ಅರವತ್ತಮೂರನೇ ಇಸವಿಯದು. ಬಡ್ಡಿ ಬೇಡವೆಂದು ಅವಳೇ ಹೇಳಿದ್ದಾಳೆ. ಬಡ್ಡಿ ಕೇಳಿದರೆ ಲೆಕ್ಕ ಹಾಕುತ್ತಿದ್ದೇವೆ ಎಂದು ಹೇಳಿ ಇನ್ನೂ ಐವತ್ತು ವರ್ಷ ತಳ್ಳುತ್ತಾರೆ ಎನ್ನುವುದು ಅವಳ ವಾದ.

ನಮ್ಮ ಟ್ಯಾಲೋ ಸ್ಪ್ರಿಂಗ್ಸ್‌ನಲ್ಲಿ, ಅಷ್ಟೇಕೆ ಇಡೀ ಅಲಬಾಮಾದಲ್ಲಿ, ಒಜೆಲ್ಲಕ್ಕನ ಮುಖ ನೋಡದವರು ಕಡಿಮೆ. ಆ ಮುಖ ಶಾಲೆಯ ಪುಸ್ತಕದಲ್ಲಿದೆ, ಟೀ ಶರ್ಟಿನ ಮೇಲಿದೆ, ಕಾಫಿ ಕಪ್ಪಿನ ಮೇಲಿದೆ. ಅವಳ ಹೆಸರು ಗೊತ್ತಿರುವವರು ಮಾತ್ರ ನಮ್ಮ ಚರ್ಚಿನ ನೂರಿಪ್ಪತ್ತು ಮಂದಿ, ಜೊತೆಗೆ ಅವಳ ಹಲ್ಲಿನ ಡಾಕ್ಟರು. ಮುಖ ಅಷ್ಟು ದೂರ ಹೋಗಿ ಹೆಸರು ಮನೆಯಲ್ಲೇ ಉಳಿದದ್ದು ಹೇಗೆ ಎಂದು ಬರೆಯಲು ಕೂತಿದ್ದೇನೆ. ಆವತ್ತು ನಾನೂ ಅಲ್ಲಿದ್ದೆ, ಹದಿನೇಳು ವರ್ಷದವನು. ನನ್ನ ತಲೆಯ ಮೇಲಿನ ಏಳು ಹೊಲಿಗೆ ಆ ದಿನದ್ದೇ.

ಒಜೆಲ್ಲಕ್ಕ ವಾರದಲ್ಲಿ ಆರು ದಿನ ಬ್ರಾಕ್‌ವೆಲ್ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಏಳನೇ ದಿನ ಎರಡನೇ ಗಿಲ್ಗಾಲ್ ಬ್ಯಾಪ್ಟಿಸ್ಟ್ ಚರ್ಚಿನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಮೊದಲನೇ ಗಿಲ್ಗಾಲ್ ಎಲ್ಲಿತ್ತೆಂದು ಯಾರಿಗೂ ಗೊತ್ತಿಲ್ಲ, ನಾವು ಮಾತ್ರ ಎರಡನೆಯವರು. ಬಾಗಿಲಲ್ಲಿ ನಿಲ್ಲುವವರನ್ನು ನಾವು ಅಷರ್ ಅನ್ನುತ್ತೇವೆ. ಬಿಳಿ ಉಡುಪು, ಬಿಳಿ ಕೈಗವಸು, ಬಾಯಿ ಬಂದ್. ಮಾತೆಲ್ಲ ಕೈಯಲ್ಲೇ. ಎರಡು ಬೆರಳು ತೋರಿಸಿದರೆ ಆ ಸಾಲಿನಲ್ಲಿ ಇಬ್ಬರಿಗೆ ಜಾಗವಿದೆ. ಅಂಗೈ ಕೆಳಗೆ ಮಾಡಿದರೆ ಕೂತುಕೋ. ಎಡಗೈಯನ್ನು ಬೆನ್ನ ಹಿಂದೆ ಮಡಿಸಿಟ್ಟು, ಬಲಗೈಯ ಅಂಗೈಯನ್ನು ಎದುರಿಗೆ ಎತ್ತಿ ಹಿಡಿದರೆ, ಪ್ರಾರ್ಥನೆ ನಡೆಯುತ್ತಿದೆ, ಮುಗಿಯುವವರೆಗೆ ಯಾರೂ ಒಳಗೆ ಬರುವಂತಿಲ್ಲ. ಇದನ್ನೆಲ್ಲ ಅವಳಿಗೆ ಕಲಿಸಿದವಳು ಮಿಸ್ ಲವೀನಿಯಾ ಎಂಬ ಮುದುಕಿ, ಕೈಯಲ್ಲಿ ಮರದ ಅಡಿಪಟ್ಟಿ ಹಿಡಿದು. ಎಡಗೈ ಬೆನ್ನಿನಿಂದ ಜಾರಿತೋ, ಗಿಣ್ಣಿನ ಮೇಲೆ ಬಿತ್ತು ಏಟು. ಹನ್ನೆರಡನೇ ವಯಸ್ಸಿಗೇ ಒಜೆಲ್ಲಕ್ಕನ ಕೈಗಳಿಗೆ ತಲೆಯ ಅಪ್ಪಣೆ ಬೇಕಾಗಿರಲಿಲ್ಲ. ಒಮ್ಮೆ ಕಕ್ಕಸಿಗೆ ಹೋಗಿ ಬಂದ ಪಾದ್ರಿಯನ್ನೇ ಅವಳು ಹೊರಗೆ ನಿಲ್ಲಿಸಿದ್ದಳು. ಒಳಗೆ ಯಾರೋ ಪ್ರಾರ್ಥಿಸುತ್ತಿದ್ದರು, ಪಾದ್ರಿ ಕಾದ.

ಅರವತ್ತಮೂರರ ಸೆಪ್ಟೆಂಬರಿನ ಒಂದು ಬುಧವಾರ ನಾವು ಅರವತ್ತು ಜನ ಚರ್ಚಿನಲ್ಲಿ ಸೇರಿದೆವು. ಅಲ್ಲಿಂದ ಕೋರ್ಟಿಗೆ ಮೆರವಣಿಗೆ ಹೋಗಿ, ನಮ್ಮಂಥ ಕರಿಯರನ್ನು ಸೇರಿಸದ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸುವುದೆಂದು ತೀರ್ಮಾನ. ಹೊರಡುವ ಮೊದಲು ಪ್ರಾರ್ಥನೆ ಮಾಡಲು ಎಲ್ರಾಯ್ ಸ್ಪ್ರಾಗಿನ್ಸ್ ಎದ್ದು ನಿಂತ. ಆಗ ಅವನಿಗೆ ಇಪ್ಪತ್ತನಾಲ್ಕು. ಉದ್ದುದ್ದ ಪ್ರಾರ್ಥನೆಗೆ ಹೆಸರಾದವನು. ಅವನು ಊಟಕ್ಕೆ ಮುಂಚೆ ಪ್ರಾರ್ಥಿಸಿದರೆ ಹುರಿದ ಮೀನು ಆರಿ ಚಪ್ಪಲಿಯಾಗುತ್ತಿತ್ತು.

ಅವನು ಬಾಯಿ ತೆರೆದು ಎರಡು ನಿಮಿಷವಾಗಿತ್ತು, ಪೊಲೀಸರ ಗಾಡಿಗಳು ಬಂದವು. ಲಾಠಿ ಹಿಡಿದವರು ಹದಿನಾಲ್ಕು ಜನ, ಮುಂದೆ ಡೆಪ್ಯೂಟಿ ವೆಂಡೆಲ್ ಹಾಸ್ಕಿನ್ಸ್, ಅವನ ಕೈಯಲ್ಲಿ ಡ್ಯೂಕ್ ಎಂಬ ನಾಯಿ. ಮೆಟ್ಟಿಲು ಹತ್ತಿ ಬಾಗಿಲಿಗೆ ಬಂದರು. ಬಾಗಿಲಲ್ಲಿ ಒಜೆಲ್ಲಕ್ಕ. ಅವಳ ಎಡಗೈ ಬೆನ್ನ ಹಿಂದೆ ಹೋಯಿತು, ಬಲಗೈ ಮೇಲೆದ್ದಿತು, ಅಂಗೈ ಎದುರಿಗೆ.

ಹಾಸ್ಕಿನ್ಸ್ ನಿಂತ. ಅವನೂ ಬ್ಯಾಪ್ಟಿಸ್ಟನೇ, ಊರ ಆ ಕಡೆಯ ಬಿಳಿಯರ ಚರ್ಚಿನವನು. ಅವನನ್ನೂ ಯಾವಳೋ ಒಬ್ಬ ಮುದುಕಿ ಅಡಿಪಟ್ಟಿಯಿಂದಲೇ ಬೆಳೆಸಿದ್ದಿರಬೇಕು. ಟೋಪಿ ತೆಗೆದ. ಅವನ ಹಿಂದಿದ್ದವರೂ ತೆಗೆದರು. ನಾಯಿ ಕೂತಿತು. ಬೇಲಿಯಾಚೆ ನಿಂತಿದ್ದ ಉತ್ತರದ ರಾಜ್ಯಗಳ ಪತ್ರಿಕೆಯ ಫೋಟೋದವನೊಬ್ಬ ಆಗಲೇ ಚಿತ್ರ ತೆಗೆದದ್ದು.

ಒಳಗೆ ಎಲ್ರಾಯ್‌ಗೆ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಅನುಭವಸ್ಥರು ಒಂದು ಕಣ್ಣು ತೆರೆದೇ ಪ್ರಾರ್ಥಿಸುತ್ತಾರೆ. ಆಮೆನ್ ಅಂದ ಕೂಡಲೇ ಏಟು ಬೀಳುತ್ತದೆಂದು ಅವನಿಗೆ ಹೊಳೆಯಿತು. ಅವನು ನಿಲ್ಲಿಸಲಿಲ್ಲ. ರೋಗಿಗಳಿಗೆ ಪ್ರಾರ್ಥಿಸಿದ, ವಿಧವೆಯರಿಗೆ, ಸಮುದ್ರದ ಮೇಲಿರುವವರಿಗೆ, ನಕಾಶೆಯಲ್ಲಿ ನೆನಪಿದ್ದ ದೇಶಗಳಿಗೆಲ್ಲ ಪ್ರಾರ್ಥಿಸಿದ. ಹಸು ಹಂದಿಗಳಿಗೂ ಒಂದು ಪಾಲು ಕೊಟ್ಟ. ಹದಿನಾಲ್ಕು ನಿಮಿಷ. ಗಂಟಲು ಒಣಗಿ ಕೆಮ್ಮು ಬಂತು, ಕೆಮ್ಮಿನ ಜೊತೆಗೇ ಆಮೆನ್ ಹೊರಗೆ ಬಿತ್ತು.

ಒಜೆಲ್ಲಕ್ಕ ಕೈ ಇಳಿಸಿದಳು, ಪಕ್ಕಕ್ಕೆ ಸರಿದಳು, ಎರಡು ಬೆರಳಿನಿಂದ ನಡುವಿನ ದಾರಿ ತೋರಿಸಿದಳು. ಪೊಲೀಸರು ಟೋಪಿ ಹಾಕಿಕೊಂಡು ಒಳಗೆ ಬಂದು ನಮ್ಮನ್ನು ಬಡಿದರು.

ಮುಂದೆ ಎಷ್ಟೋ ಸಲ ನಾನು ಅವಳನ್ನು ಕೇಳಿದ್ದೇನೆ, ಆ ಧೈರ್ಯ ಎಲ್ಲಿಂದ ಬಂತು ಅಂತ. "ಧೈರ್ಯ ಗೈರ್ಯ ಏನಿಲ್ಲ ಕಣೋ," ಅನ್ನುತ್ತಾಳೆ. "ಪ್ರಾರ್ಥನೆ ನಡೀತಿತ್ತು. ಅವ್ರು ಲೇಟಾಗಿ ಬಂದ್ರು."

ಒಂಬತ್ತು ದಿನ ಜೈಲಲ್ಲಿದ್ದು ಅವಳು ಕೆಲಸಕ್ಕೆ ಹೋದಾಗ ಮುದುಕ ಬ್ರಾಕ್‌ವೆಲ್ ಒಂದು ಚೀಟಿ ಬರೆದು ಕೊಟ್ಟ. "ಒಜೆಲ್ಲಾ ಮಿಂಟರ್. ಪತ್ರಿಕೆಯಲ್ಲಿ ಕೈ ಎತ್ತಿ ನಿಂತ ಚಿತ್ರ ಬಂದ ಕಾರಣ ಕೆಲಸದಿಂದ ತೆಗೆಯಲಾಗಿದೆ. ಕಂಪನಿಯ ಮರ್ಯಾದೆಗೆ ಆದ ನಷ್ಟಕ್ಕಾಗಿ ಹನ್ನೊಂದು ದಿನದ ಕೂಲಿ ತಡೆಹಿಡಿಯಲಾಗಿದೆ." ಕೆಳಗೆ ಅವನ ಸಹಿ, ತಾರೀಕು. ಗಮನಿಸಿ: ಇಡೀ ದೇಶಕ್ಕೆ ಗುರುತು ಸಿಗದ ಹೆಂಗಸು ಲಾಂಡ್ರಿಯ ಧಣಿಗೆ ಒಂದೇ ನೋಟಕ್ಕೆ ಗುರುತು ಸಿಕ್ಕಿದ್ದಳು.

ಅವಳಿಗೆ ಆಮೇಲೆ ಶಾಲೆಯ ಅಡುಗೆಮನೆಯಲ್ಲಿ ಕೆಲಸವಾಯಿತು. ಚಿತ್ರ ತನ್ನ ಪಾಡಿಗೆ ತಾನು ಬೆಳೆಯುತ್ತ ಹೋಯಿತು. ಚರಿತ್ರೆಯ ಪಠ್ಯಪುಸ್ತಕದಲ್ಲಿ ಅದರ ಕೆಳಗೆ ಹೀಗೆ ಅಚ್ಚಾಯಿತು: "ಡೆಪ್ಯೂಟಿ ವೆಂಡೆಲ್ ಹಾಸ್ಕಿನ್ಸ್, ನಾಯಿ ಡ್ಯೂಕ್ ಮತ್ತು ಗುರುತು ಸಿಗದ ಮಹಿಳೆ." ಮೂವತ್ತು ವರ್ಷ ಒಜೆಲ್ಲಕ್ಕ ಆ ಪುಸ್ತಕ ಬಗಲಲ್ಲಿ ಹಿಡಿದ ಮಕ್ಕಳ ತಟ್ಟೆಗೆ ಹುರುಳಿಕಾಯಿ ಪಲ್ಯ ಬಡಿಸಿದಳು. ಒಮ್ಮೆ ಮೇಷ್ಟರಿಗೆ ಹೇಳಿದಳು, ಅದು ನಾನು ಅಂತ. ಮೇಷ್ಟರು ಪುಸ್ತಕ ತೆಗೆದು ನೋಡಿ, ಇಲ್ಲಮ್ಮ, ಇಲ್ಲಿ ಗುರುತು ಸಿಗದ ಮಹಿಳೆ ಅಂತ ಅಚ್ಚಾಗಿದೆಯಲ್ಲ, ಎಂದು ಮರುಕದಿಂದ ಹೇಳಿದರಂತೆ.

ಮಕ್ಕಳ ಕಥೆಪುಸ್ತಕವೊಂದು ಬಂತು. ಅದರಲ್ಲಿ ಅವಳು ಹತ್ತು ವರ್ಷದ ಹುಡುಗಿ, ನಾಯಿಗೆ ಮಾತು ಬರುತ್ತದೆ, ಕೊನೆಗೆ ನಾಯಿ ಕ್ಷಮೆ ಕೇಳುತ್ತದೆ. ಹಾಸ್ಕಿನ್ಸ್ ಎಂದೂ ಕೇಳಿರಲಿಲ್ಲ, ಅದಕ್ಕೇ ಆ ಕೆಲಸ ನಾಯಿಯ ಪಾಲಿಗೆ ಬಂದಿತ್ತು. ಸಿನಿಮಾ ಬಂತು. ಅದರಲ್ಲಿ ಅವಳು ಉದ್ದಕ್ಕೆ, ತೆಳ್ಳಗೆ, ಹಾಲು ಹೆಚ್ಚಾದ ಚಹದ ಬಣ್ಣಕ್ಕೆ ಇದ್ದಳು. ಹಾಗೆ ಕೈ ಎತ್ತಲು ಅವಳಿಗೆ ಹಿಂದಿನ ರಾತ್ರಿ ಹೇಳಿಕೊಡುವವನು ಒಬ್ಬ ಬಿಳಿಯ ಪತ್ರಕರ್ತ. ಪೊಲೀಸರೆದುರು ಅವಳು ನಾಲ್ಕು ನಿಮಿಷ ಭಾಷಣ ಮಾಡುತ್ತಾಳೆ, ಪ್ರಾರ್ಥನೆಯ ಹೊತ್ತಿನಲ್ಲಿ. ಒಜೆಲ್ಲಕ್ಕ ಟಾಕೀಸಿನಲ್ಲಿ ನನ್ನ ಪಕ್ಕ ಕೂತು ಅಲ್ಲಿಯವರೆಗೂ ಸುಮ್ಮನೆ ನೋಡಿದಳು. ಭಾಷಣ ಶುರುವಾದಾಗ ಮಾತ್ರ ಮೈಮೇಲೆ ಏಟು ಬಿದ್ದವಳಂತೆ, "ಮಿಸ್ ಲವೀನಿಯಾ ಇದ್ದಿದ್ರೆ ಅಡಿಪಟ್ಟೀಲಿ ಇವಳ ಬಾಯಿಗೆ ಹಾಕೋಳು," ಎಂದಳು.

ವಿಶ್ವವಿದ್ಯಾಲಯದ ಪಂಡಿತನೊಬ್ಬ ಬೆನ್ನ ಹಿಂದಿನ ಎಡಗೈಯ ಮೇಲೆ ನಲವತ್ತು ಪುಟ ಬರೆದ. ಕಾಣದ ಆ ಕೈಯಲ್ಲಿ ಏನಿದೆ? ಕಲ್ಲೇ, ಪತ್ರವೇ, ಮೂರು ಶತಮಾನದ ಮೌನವೇ? ಅಷ್ಟನ್ನೂ ಅವಳು ಕನ್ನಡಕ ಹಾಕಿಕೊಂಡು ಓದಿದಳು. ಏನೂ ಇರಲಿಲ್ಲ, ಗಿಣ್ಣು ನೋವಿತ್ತು ಅಷ್ಟೇ, ಎಂದು ಅವನಿಗೊಂದು ಕಾರ್ಡು ಬರೆದಳು. ಅವನು ಉತ್ತರ ಬರೆದ: ತಮ್ಮ ಓದು ಸ್ವಾರಸ್ಯಕರವಾಗಿದೆ, ಆದರೆ ಮೂಲ ಆಧಾರಗಳನ್ನು ನೋಡಬೇಕು.

ಐವತ್ತು ವರ್ಷ ತುಂಬುವಾಗ ಚರ್ಚಿನೆದುರು ಕಂಚಿನ ಪ್ರತಿಮೆ ನಿಲ್ಲಿಸಬೇಕೆಂದು ಸಮಿತಿಯಾಯಿತು. ಅಧ್ಯಕ್ಷ ನಮ್ಮ ಎಲ್ರಾಯ್ ಸ್ಪ್ರಾಗಿನ್ಸ್, ಆ ಹೊತ್ತಿಗೆ ಡೀಕನ್, ಅಂದರೆ ಚರ್ಚಿನ ಹಿರಿಯ, ಎಪ್ಪತ್ತನಾಲ್ಕು ವರ್ಷದವನು. ಕಾಗದಪತ್ರ ನೋಡಿಕೊಳ್ಳಲು ಅಟ್ಲಾಂಟಾದಿಂದ ಮಿಸ್ ಪ್ರೂಯಿಟ್ ಎಂಬ ಚುರುಕು ಹುಡುಗಿ ಬಂದಳು. ನಮ್ಮವಳೇ, ಕೆಟ್ಟವಳಲ್ಲ. ಅರ್ಧ ದುಡ್ಡು ದೊಡ್ಡ ಊರಿನ ಒಂದು ನಿಧಿಯಿಂದ ಬಂತು. ಹೆಸರಿರುವ ಹೋರಾಟಗಾರರ ಬಾಬ್ತು ಬೇರೆ ಊರುಗಳ ಪಾಲಾಗಿ ಮುಗಿದುಹೋಗಿದ್ದರಿಂದ, ಹೆಸರಿಲ್ಲದ ಹೋರಾಟಗಾರರ ಬಾಬ್ತಿನಲ್ಲಿ ಕೊಟ್ಟರು. ಷರತ್ತು ಒಂದೇ: ವ್ಯಕ್ತಿಯ ಗುರುತು ಸಿಕ್ಕಿರಬಾರದು, ಸಿಕ್ಕರೆ ದುಡ್ಡು ವಾಪಸ್. ಇನ್ನರ್ಧ ಕೊಟ್ಟವನು ಮುದುಕ ಬ್ರಾಕ್‌ವೆಲ್‌ನ ಮೊಮ್ಮಗ. ಲಾಂಡ್ರಿ ಈಗ ಮೂರು ರಾಜ್ಯದ ಹೋಟೆಲುಗಳ ಹಾಸಿಗೆಬಟ್ಟೆ ಒಗೆಯುವ ಕಂಪನಿಯಾಗಿದೆ.

ಮಣ್ಣಿನ ಮಾದರಿ ನೋಡಲು ಒಜೆಲ್ಲಕ್ಕ ಹೋದಳು, ಜೊತೆಗೆ ನಾನು. ಚರ್ಚಿನ ನೆಲಮಾಳಿಗೆಯ ಊಟದ ಮನೆಯಲ್ಲಿ ಸಮಿತಿ ಗೆಣಸಿನ ಪೈ ತಿನ್ನುತ್ತಿತ್ತು. ಮಾದರಿಯಲ್ಲಿ ನಾಯಿ ಬಹಳ ಚೆನ್ನಾಗಿ ಬಂದಿತ್ತು, ಒಂದೊಂದು ಕೂದಲೂ ಎಣಿಸಬಹುದು. ಹೆಂಗಸಿನ ಎತ್ತಿದ ಕೈ ಮಾತ್ರ ಮುಷ್ಟಿಯಾಗಿತ್ತು. ಜನ ಮುಷ್ಟಿಯನ್ನೇ ನಿರೀಕ್ಷಿಸುತ್ತಾರೆ ಎಂದು ಶಿಲ್ಪಿ ಹೇಳಿದ್ದನಂತೆ. ಕೆಳಗಿನ ಫಲಕದಲ್ಲಿ ಅದೇ ಮೂರು: ಹಾಸ್ಕಿನ್ಸ್, ಡ್ಯೂಕ್, ಗುರುತು ಸಿಗದ ಮಹಿಳೆ.

"ಎಲ್ರಾಯ್," ಎಂದಳು ಒಜೆಲ್ಲಕ್ಕ, "ನಾಯಿಗೂ ಹೆಸರಿದೆಯಲ್ಲೋ."

"ನಾಯಿದು ದಾಖಲೆಯಲ್ಲಿದೆ ಸಿಸ್ಟರ್ ಮಿಂಟರ್. ಪೊಲೀಸ್ನೋರ ರಿಜಿಸ್ಟರಲ್ಲಿ."

"ನಾನು ನಿನ್ನ ಮುಂದೆ ಕೂತಿದೀನಿ."

"ಕೂತಿದೀರಿ. ದಾಖಲೇಲಿ ಕೂತಿಲ್ಲ."

ಅವಳು ಕೈಚೀಲದಿಂದ ಚೀಟಿ ತೆಗೆದು ಪೈ ತಟ್ಟೆಯ ಪಕ್ಕ ಇಟ್ಟಳು. ಮಿಸ್ ಪ್ರೂಯಿಟ್ ಓದಿದಳು. ಹೆಸರು, ಚಿತ್ರದ ಮಾತು, ತಾರೀಕು, ಎಲ್ಲ ಸರಿಯಾಗಿತ್ತು. ಸಹಿಗೆ ಬಂದಾಗ ಅವಳ ಮುಖ ಬಣ್ಣಗೆಟ್ಟಿತು. ಈ ಚೀಟಿ ನಿಜವಾದರೆ ಹೆಂಗಸಿನ ಗುರುತು ಸಿಕ್ಕಂತೆ, ನಿಧಿಯ ದುಡ್ಡು ಹೋದಂತೆ. ಅದರ ಜೊತೆಗೇ ಬ್ರಾಕ್‌ವೆಲ್ಲರು ಕೂಲಿ ನುಂಗಿದ್ದೂ ನಿಜವಾದಂತೆ, ಅವರ ದುಡ್ಡೂ ಹೋದಂತೆ. ಒಜೆಲ್ಲಾ ಮಿಂಟರ್ ಯಾರೆಂದು ಗೊತ್ತಾದ ಕ್ಷಣ ಒಜೆಲ್ಲಾ ಮಿಂಟರ್‌ಳ ಪ್ರತಿಮೆ ಇರುವುದಿಲ್ಲ. ಸಮಿತಿಯವರು ಚಮಚ ಕೆಳಗಿಟ್ಟರು.

ಎಲ್ರಾಯ್ ಕುರ್ಚಿ ಹತ್ತಿರ ಎಳೆದುಕೊಂಡು ಅಂಗಲಾಚಿದ. ಸ್ವಲ್ಪ ಕಾಲ ಗುರುತಿಲ್ಲದವಳಾಗಿರಲು ಏನು ಕಷ್ಟ, ಇಷ್ಟು ವರ್ಷ ಇದ್ದೇ ಇದ್ದೀರಲ್ಲ, ಊರಿಗೆ ಪ್ರವಾಸಿಗರು ಬರುತ್ತಾರೆ, ಚರ್ಚಿನ ಚಾವಣಿ ಸೋರುತ್ತಿದೆ, ಎಂದೆಲ್ಲ ಹೇಳಿದ. ಕೊನೆಗೆ, "ನೀವು ಹೋದ್ಮೇಲೆ ಖಂಡಿತ ಹೆಸರು ಹಾಕ್ತೀವಿ," ಎಂದ.

"ಎಲ್ಲಿಗೆ ಹೋದ್ಮೇಲೆ?"

ಎಲ್ರಾಯ್ ಪೈ ತಟ್ಟೆಯನ್ನು ಅವಳ ಕಡೆ ತಳ್ಳಿ ಇನ್ನೊಂದು ಮಾತು ತೆಗೆದ. ಉದ್ಘಾಟನೆಯ ದಿನ ಬಾಗಿಲ ಜವಾಬ್ದಾರಿ ಪೂರ್ತಿ ಅವಳದೇ, ಮುಖ್ಯ ಅಷರ್ ಅವಳೇ. ಅವಳ ಪ್ರತಿಮೆಯ ಉದ್ಘಾಟನೆಗೆ ಅವಳು ಜನರಿಗೆ ಕುರ್ಚಿ ತೋರಿಸಬಹುದು.

ಅವಳು ಚೀಟಿ ಮಡಿಸಿದಳು. "ಪ್ರಾರ್ಥನೆ ಯಾರು ಮಾಡ್ತಾರೆ?"

"ನಾನೇ."

"ಸರಿ ಹಾಗಾದ್ರೆ."

ದಾರಿಯಲ್ಲಿ ನಾನು ಕೂಗಾಡಿದೆ. ಪತ್ರಿಕೆಗೆ ಬರೆಯೋಣ, ಧರಣಿ ಕೂರೋಣ, ಪ್ರತಿಮೆಗೆ ಮಸಿ ಬಳಿಯೋಣ ಎಂದೆ. ಅವಳು ಅಂಗಡಿಗೆ ಹೋಗಿ ಹೊಸ ಕೈಗವಸು ಕೊಂಡಳು.

ಉದ್ಘಾಟನೆಯ ದಿನ ಬಿಸಿಲು ಸುಡುತ್ತಿತ್ತು. ಚರ್ಚಿನ ಮುಂದಿನ ಬಯಲಲ್ಲಿ ಎಂಟುನೂರು ಕುರ್ಚಿ, ಸುತ್ತ ಹಗ್ಗ, ಒಳಗೆ ಬರಲು ಒಂದೇ ಬಾಗಿಲು. ಅಲ್ಲಿ ಎಪ್ಪತ್ತೆರಡು ವರ್ಷದ ಒಜೆಲ್ಲಕ್ಕ ಬಿಳಿ ಉಡುಪಿನಲ್ಲಿ. ಬೆಳಿಗ್ಗೆಯಿಂದ ಫೋಟೋ ತೆಗೆಯಲು ಬಂದವರು ನಾಲ್ಕು ಸಲ ಅವಳಿಗೆ, ಅಜ್ಜಿ ಸ್ವಲ್ಪ ಪಕ್ಕಕ್ಕೆ ಸರೀರಿ, ಪ್ರತಿಮೆ ಕಾಣ್ತಿಲ್ಲ, ಎಂದಿದ್ದರು. ಮುಸುಕಿನಲ್ಲಿದ್ದ ಪ್ರತಿಮೆ ಅವರಿಗೆ ಹೇಗೆ ಕಾಣಬೇಕಿತ್ತೋ ದೇವರಿಗೇ ಗೊತ್ತು.

ಹನ್ನೊಂದಕ್ಕೆ ಸರಿಯಾಗಿ ಡೀಕನ್ ಸ್ಪ್ರಾಗಿನ್ಸ್ ಮೈಕಿನ ಮುಂದೆ ತಲೆ ಬಾಗಿಸಿದ. ನಾಲ್ಕು ನಿಮಿಷ ತಡವಾಗಿ ಬ್ರಾಕ್‌ವೆಲ್‌ನ ಮೊಮ್ಮಗನ ಕಾರು ಬಂತು. ಮುಸುಕು ಎಳೆಯಬೇಕಾದವನು ಅವನೇ. ಅವನ ಹಿಂದೆ ಶೆರೀಫ್ ಕಚೇರಿಯ ಪೊಲೀಸರು, ಗೌರವಕ್ಕೆಂದು ಈಗಿನ ನಾಯಿಯನ್ನೂ ಕರೆತಂದಿದ್ದರು. ಎಲ್ಲರೂ ನಗುತ್ತ ಬಾಗಿಲಿಗೆ ಬಂದರು.

ಒಜೆಲ್ಲಕ್ಕನ ಎಡಗೈ ಬೆನ್ನ ಹಿಂದೆ ಹೋಯಿತು. ಬಲಗೈ ಮೇಲೆದ್ದಿತು.

ನಾಯಿ ಮೊದಲು ಕೂತಿತು. ಮೊಮ್ಮಗ ಪಿಸುಗುಟ್ಟಿದ, "ಅಮ್ಮಾ, ನಾನು ಬ್ರಾಕ್‌ವೆಲ್."

ಕೆಲಸದ ಮೇಲಿದ್ದಾಗ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಗೊತ್ತು. ಪ್ರಾರ್ಥನೆ ಮುಗೀಲಿ," ಎಂದಳು.

ವೇದಿಕೆಯ ಮೇಲೆ ಎಲ್ರಾಯ್‌ನ ತೆರೆದ ಒಂದು ಕಣ್ಣಿಗೆ ಅದು ಬಿತ್ತು. ಎತ್ತಿದ ಬಿಳಿ ಕೈ, ಎದುರಿಗೆ ಸಾಲಾಗಿ ಸಮವಸ್ತ್ರದವರು, ನಾಯಿ. ಅವನು ಆಮೆನ್ ಅನ್ನಲು ಬಾಯಿ ತೆರೆದವನು, ತೆರೆದೇ ನಿಂತ. ಆಮೇಲೆ ಸೋವಿಯತ್ ಒಕ್ಕೂಟಕ್ಕಾಗಿ ಪ್ರಾರ್ಥಿಸಲು ಶುರುಮಾಡಿದ. ಅದು ಮುಗಿದು ಇಪ್ಪತ್ತೆರಡು ವರ್ಷವಾಗಿತ್ತು. ಅವನ ನಾಲಿಗೆಗೆ ಗೊತ್ತಿದ್ದದ್ದು ಅರವತ್ತಮೂರರ ನಕಾಶೆ ಮಾತ್ರ. ಟಾಂಗನ್ಯೀಕಕ್ಕೆ ಪ್ರಾರ್ಥಿಸಿದ, ಎರಡೂ ಜರ್ಮನಿಗಳಿಗೆ ಪ್ರಾರ್ಥಿಸಿದ. ಜನ ನಡುನಡುವೆ ಆಮೆನ್ ಅಂದು ಸಹಾಯ ಮಾಡಲು ನೋಡಿದರು. ಒಜೆಲ್ಲಕ್ಕ ಜನರ ಆಮೆನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪ್ರಾರ್ಥಿಸುವವನೇ ಅನ್ನಬೇಕು. ಬ್ರಾಕ್‌ವೆಲ್‌ನ ಕೋಟಿನ ಬೆನ್ನು ನೆನೆದು ಬಣ್ಣ ಬದಲಾಯಿತು. ಇಪ್ಪತ್ತು ನಿಮಿಷ. ಇಪ್ಪತ್ತೈದು. ಹಸು ಹಂದಿಗಳೂ ಮುಗಿದವು. ಬೇರೇನೂ ಉಳಿಯದೆ ಅವನು ಚರ್ಚಿನ ಸದಸ್ಯರ ಪಟ್ಟಿಗೆ ಕೈಹಾಕಿದ, ಒಬ್ಬೊಬ್ಬರನ್ನೇ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತ ಬಂದ. ಮಿಂಟರ್ ಬಂತು.

"ಸ್ವಾಮಿ," ಎಂದ ಎಲ್ರಾಯ್, ಮೈಕಿನಲ್ಲಿ, "ನಿನ್ನ ಮಗಳು ಒಜೆಲ್ಲಾ ಮಿಂಟರ್. ಆವತ್ತು ಈ ಚರ್ಚಿನ ಬಾಗಿಲಲ್ಲಿ ಕೈ ಎತ್ತಿ ನಿಂತೋಳು ಅವಳೇ. ಇವತ್ತೂ ನಿಂತಿದಾಳೆ. ನಿಂಗೆ ಗೊತ್ತು, ನಮ್ಗೂ ಗೊತ್ತು, ಸಮಿತಿಗೂ ಗೊತ್ತು."

ಮಿಸ್ ಪ್ರೂಯಿಟ್ ಮುಖ ಮುಚ್ಚಿಕೊಂಡಳು. ಎಲ್ರಾಯ್ ಪಟ್ಟಿ ಬಿಡಲಿಲ್ಲ, ತನ್ನ ಹೆಸರಿನವರೆಗೂ ಬಂದ. "ಎಲ್ರಾಯ್ ಸ್ಪ್ರಾಗಿನ್ಸ್. ಆವತ್ತು ಭಕ್ತಿಯಿಂದ ಉದ್ದ ಮಾಡ್ಲಿಲ್ಲ ಸ್ವಾಮಿ, ಹೆದರಿಕೆಯಿಂದ ಮಾಡಿದ್ದು. ಇವತ್ತೂ ಅಷ್ಟೇ. ಆಮೆನ್."

ಮೂವತ್ತೊಂದು ನಿಮಿಷ. ಒಜೆಲ್ಲಕ್ಕ ಕೈ ಇಳಿಸಿ ಪಕ್ಕಕ್ಕೆ ಸರಿದಳು. ಎಡಗೈಯನ್ನು ಬೆನ್ನ ಹಿಂದಿನಿಂದ ಮುಂದೆ ತಂದಳು. ಪಂಡಿತ ಅಲ್ಲಿದ್ದಿದ್ದರೆ ಅವನ ನಲವತ್ತು ಪುಟಕ್ಕೆ ಉತ್ತರ ಸಿಗುತ್ತಿತ್ತು: ಈ ಸಲ ಆ ಕೈಯಲ್ಲಿ ಏನೋ ಇತ್ತು. ಚೀಟಿ. ಅದನ್ನು ಬಿಡಿಸಿ ಬ್ರಾಕ್‌ವೆಲ್‌ನ ಮೊಮ್ಮಗನ ಮುಂದೆ ಹಿಡಿದಳು.

ಅವನಿಗೆ ಬಿಸಿಲಲ್ಲಿ ತಲೆ ಸುತ್ತುತ್ತಿತ್ತು. ಇಂಥ ಸಮಾರಂಭಗಳಲ್ಲಿ ಮುದುಕಿಯರು ಹಸ್ತಾಕ್ಷರಕ್ಕೆ ಕಾಗದ ಚಾಚುವುದು ಅವನಿಗೆ ಅಭ್ಯಾಸವಾಗಿತ್ತು. ಜೇಬಿನಿಂದ ಪೆನ್ನು ತೆಗೆದು, ಅಜ್ಜನ ಸಹಿಯ ಕೆಳಗೆ ತನ್ನ ಸಹಿ ಹಾಕಿ, ಪಕ್ಕದಲ್ಲಿ "ಹೃತ್ಪೂರ್ವಕ ಶುಭಾಶಯಗಳೊಂದಿಗೆ" ಎಂದು ಬರೆದು, ನಕ್ಕು ವಾಪಸ್ ಕೊಟ್ಟ. ಒಳಗೆ ಹೋಗಿ ಮುಸುಕು ಎಳೆದ. ಬಟ್ಟೆ ನಾಯಿಯ ಕಂಚಿನ ಕಿವಿಗೆ ಸಿಕ್ಕಿಕೊಂಡಿತು, ಏಣಿ ತರಿಸಬೇಕಾಯಿತು.

ಈಗ ಆ ಸಾಲಕ್ಕೆ ಎರಡು ತಲೆಮಾರಿನ ಸಹಿ ಇದೆ.

ಎಲ್ಲ ಸರಿಹೋಯಿತೆಂದು ನೀವು ತಿಳಿದರೆ ನಿಮಗೆ ಸಮಿತಿಗಳ ಪರಿಚಯವಿಲ್ಲ. ಮಾರನೇ ವಾರ ಸೇರಿ ಅವರು ಗೊತ್ತುವಳಿ ಮಾಡಿದರು: ಪ್ರಾರ್ಥನೆಯಲ್ಲಿ ಹೇಳಿದ್ದು ದೇವರಿಗೆ ಹೇಳಿದ್ದು, ನಿಧಿಯವರಿಗೆ ಹೇಳಿದ್ದಲ್ಲ. ಎಲ್ರಾಯ್ ಒಬ್ಬನೇ ವಿರೋಧ ಹೇಳಿ ಅಧ್ಯಕ್ಷಗಿರಿ ಬಿಟ್ಟ. ಪತ್ರಿಕೆಯಲ್ಲಿ ದೊಡ್ಡ ಚಿತ್ರ ಬಂತು, ಕೈ ಎತ್ತಿದ ಒಜೆಲ್ಲಕ್ಕ, ಎದುರಿಗೆ ಬ್ರಾಕ್‌ವೆಲ್ ಮತ್ತು ನಾಯಿ. ಕೆಳಗೆ ಬ್ರಾಕ್‌ವೆಲ್‌ನ ಹೆಸರಿತ್ತು, ನಾಯಿಯ ಹೆಸರಿತ್ತು, ಆಮೇಲೆ "ಅತಿಥಿಗಳನ್ನು ಸ್ವಾಗತಿಸುತ್ತಿರುವ ಸ್ವಯಂಸೇವಕಿ" ಎಂದಿತ್ತು. ಚೀಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಪ್ರದರ್ಶಿಸಲು ಕೊಡಬೇಕೆಂದು ಸಮಿತಿ ಪತ್ರ ಬರೆಯಿತು, ಹೆಸರಿನ ಮೇಲೆ ಮಾತ್ರ ಕಪ್ಪು ಪಟ್ಟಿ ಅಂಟಿಸುತ್ತಾರಂತೆ. ಅವಳು ಕೊಡಲಿಲ್ಲ. ಬ್ರಾಕ್‌ವೆಲ್ ಕಂಪನಿಗೆ ಎರಡು ಸಹಿಯ ನಕಲು ಕಳಿಸಿದ್ದಕ್ಕೆ ಹೋಟೆಲೊಂದರ ಎರಡು ಟವಲು ಬಂದವು, ಉಚಿತ. ಅವನ್ನು ಅವಳು ನೆಲ ಒರೆಸಲು ಇಟ್ಟುಕೊಂಡಿದ್ದಾಳೆ.

ಅವಳಿಗೆ ಈಗ ಎಂಬತ್ತು ದಾಟಿದೆ. ಭಾನುವಾರ ಅದೇ ಬಾಗಿಲಲ್ಲಿ ನಿಲ್ಲುತ್ತಾಳೆ, ಹೊರಗೆ ಮುಷ್ಟಿ ಬಿಗಿದ ಕಂಚಿನ ಹೆಂಗಸು, ಒಳಗೆ ಅಂಗೈ ಬಿಚ್ಚಿದ ಜೀವದ ಹೆಂಗಸು. ಚೀಟಿ ಎಡಗೈಯ ಗವಸಿನೊಳಗಿರುತ್ತದೆ. ಅವಳು ಹೋದ ಮೇಲೆ ಹೆಸರು ಹಾಕಲು ಸಮಿತಿ ಕಾಯುತ್ತಿದೆ, ಹೋಗುವ ಮೊದಲು ಹಾಕಿಸಲು ಅವಳು ಕಾಯುತ್ತಿದ್ದಾಳೆ. ಇಬ್ಬರಲ್ಲಿ ಯಾರು ಮೊದಲು ಸುಸ್ತಾಗುತ್ತಾರೋ ನೋಡೋಣ ಅನ್ನುತ್ತಾಳೆ.

ಇಲ್ಲಿಯವರೆಗೆ ಓದಿ ತಲೆಯಾಡಿಸುತ್ತಿರುವವರೇ, ನಿಮ್ಮ ಮರುಕ ನನಗೆ ಬೇಡ. ನಿಮ್ಮ ಮನೆಯಲ್ಲಿ ಆ ಪುಸ್ತಕ ಇದೆ, ಅಥವಾ ಅಂಥದೇ ಇನ್ನೊಂದಿದೆ. ಚಿತ್ರದ ಕೆಳಗೆ ಧಣಿಗೆ ಹೆಸರು, ನಾಯಿಗೆ ಹೆಸರು, ಮಿಕ್ಕವರಿಗೆ "ಗುರುತು ಸಿಗದವರು". ಏಳಿ. ಪೆನ್ನು ತೆಗೆದುಕೊಳ್ಳಿ. ಪೆನ್ಸಿಲ್ ಬೇಡ, ಅಳಿಸಿಬಿಡುತ್ತಾರೆ. ಆ ಸಾಲು ಹೊಡೆದುಹಾಕಿ ಒಜೆಲ್ಲಾ ಮಿಂಟರ್ ಎಂದು ಬರೆಯಿರಿ. ನಿಮ್ಮ ಚಿತ್ರದಲ್ಲಿರುವುದು ಬೇರೆ ಹೆಂಗಸಾದರೆ, ಅವಳು ಯಾರೆಂದು ಹೋಗಿ ಕೇಳಿ ಅವಳ ಹೆಸರು ಬರೆಯಿರಿ. ಅವಳು ಎರಡು ಬೀದಿ ಆಚೆಯೇ ಇರುತ್ತಾಳೆ. ಅವಳಿಗೂ ಯಾರೋ ಕೂಲಿ ಕೊಡಬೇಕಾಗಿರುತ್ತದೆ. ಅದನ್ನೂ ಕೇಳಿಕೊಂಡು ಬನ್ನಿ.